ಶೋರೂಮ್ ಡೀಲರದ್ದು, ಸಾಫ್ಟ್‌ವೇರ್ ಯಾರದ್ದು?

(ಇದು ಧ್ವನಿ ಸಂಚಿಕೆಯ ಬರಹರೂಪ. ಓದಲು ಸುಲಭವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

 

ಹೋದ ತಿಂಗಳು ಊರಿಗೆ ಹೋಗಿದ್ದೆ. ನನ್ನೂರು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿ, ಹಳೆಯ ಕೇಳುಗರಿಗೆ ಗೊತ್ತೇ ಇದೆ. ಅಲ್ಲಿ ನನ್ನ ಬಾಲ್ಯದ ಗೆಳೆಯನೊಬ್ಬ ಇದ್ದಾನೆ. ಧಾರವಾಡದಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಎರಡು ವರ್ಷ ದುಡಿದು, 'ಬಾಡಿಗಿ ಕಟ್ಟಿ ಕಟ್ಟಿ ಸಾಕಾತು' ಅಂತ ವಾಪಸ್ ಬಂದ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ಮೂರು ಹುಡುಗರು. ಮಾಡುವ ಕೆಲಸ ಇಷ್ಟು: ಹುಬ್ಬಳ್ಳಿ–ಧಾರವಾಡದ ಕಾರ್ ಶೋರೂಮ್‌ಗಳ ಪರವಾಗಿ ಗಿರಾಕಿಗಳಿಗೆ ವಾಟ್ಸಾಪ್ ಸಂದೇಶ ಕಳಿಸುವುದು. ಸರ್ವಿಸ್ ದಿನ ಬಂತು, ಇನ್ಶೂರೆನ್ಸ್ ಮುಗಿಯಾಕ ಬಂತು, ಟೆಸ್ಟ್ ಡ್ರೈವ್‌ಗೆ ಇಂಥ ಹೊತ್ತಿಗೆ ಬರ್ರಿ ಅಂತ. ಸಂದೇಶ ಎಲ್ಲ ನಮ್ಮ ಕಡೆಯ ಕನ್ನಡದಾಗ. 'ಪ್ರಿಯ ಗ್ರಾಹಕರೇ' ಅಂತ ಶುರುವಾಗೋ ಮೆಸೇಜ್ ಯಾರೂ ಓದಲ್ಲ, 'ಸರ, ನಿಮ್ಮ ಗಾಡಿ ಸರ್ವಿಸ್ ಬಂದೈತ್ರಿ' ಅಂದರೆ ಓದುತ್ತಾರೆ. ಅವನ ವ್ಯಾಪಾರದ ಗುಟ್ಟು ಅಷ್ಟೇ.

ನಾಲ್ಕು ಶೋರೂಮ್ ಇದ್ದವು ಅವನ ಕೈಯಲ್ಲಿ. ಈಗ ಎರಡು. ಹೋದ ಎರಡೂ ಒಂದೇ ಕಾರ್ ಕಂಪನಿಯ ಡೀಲರ್‌ಗಳದ್ದು. ಜಗಳ ಇಲ್ಲ, ಕೆಲಸ ಕೆಟ್ಟಿಲ್ಲ. ಕಂಪನಿಯಿಂದ ಒಂದು ಮೇಲ್ ಬಂತು: ಇನ್ನು ಮುಂದೆ ವೆಬ್‌ಸೈಟ್, ವಾಟ್ಸಾಪ್ ಸಂದೇಶ, ಕಾಲ್ ರೆಕಾರ್ಡಿಂಗ್, ಆನ್‌ಲೈನ್ ಜಾಹೀರಾತು, ಇವೆಲ್ಲ ನಾವು ಒಪ್ಪಿದ ಪಟ್ಟಿಯಲ್ಲಿರುವವರಿಂದಲೇ ಮಾಡಿಸಬೇಕು. ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು. ಶೋರೂಮ್ ಮಾಲೀಕರು ಇವನನ್ನು ಕರೆದು ಚಹಾ ಕುಡಿಸಿ, 'ನಿನ್ನ ಕೆಲಸ ಚಲೋ ಐತಿ ತಮ್ಮಾ, ರೇಟೂ ಕಡಿಮಿ ಐತಿ. ಆದ್ರ ಇದು ನನ್ನ ಕೈಯಾಗ ಇಲ್ಲ' ಅಂದರಂತೆ.

ನನಗೆ ಇದನ್ನೆಲ್ಲ ಹೇಳಿ ಆಮೇಲೆ ಕೇಳಿದ: 'ನೀ ಕಾನೂನು ಪಾನೂನು ಅಂತ ಮೈಕ್ ಮುಂದ ಮಾತಾಡ್ತಿ ಅಲ್ಲಲೇ. ಇದಕ್ಕ ಏನರ ಐತೇನು?'

ಇದೆಯೋ ಇಲ್ಲವೋ ಅನ್ನುವುದೇ ಈ ಸಂಚಿಕೆ. ಆ ಕಂಪನಿ ಯಾವುದು ಅಂತ ನಾನು ಹೇಳಲ್ಲ, ಕಮೆಂಟಲ್ಲಿ ಕೇಳಬೇಡಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೋಗುವಾಗ ದೊಡ್ಡ ಗಾಜಿನ ಶೋರೂಮ್ ಕಂಡರೆ 'ಇದು ಆ ಕಂಪನಿಯದ್ದು' ಅಂತೀವಿ. ಬಹುತೇಕ ಸಲ ಅಲ್ಲ. ಜಾಗ, ಕಟ್ಟಡ, ಬ್ಯಾಂಕ್ ಸಾಲ, ಸಿಬ್ಬಂದಿಯ ಸಂಬಳ, ಎಲ್ಲ ಇಲ್ಲಿಯ ಡೀಲರದ್ದು. ಕಂಪನಿಯಿಂದ ಕಾರು ಖರೀದಿಸಿ ನಮಗೆ ಮಾರುತ್ತಾರೆ. ಬೋರ್ಡಿನ ಮೇಲಿನ ಹೆಸರು ಮಾತ್ರ ಕಂಪನಿಯದ್ದು. ಇದಕ್ಕೆ ಒಂದು ಅಪವಾದವೂ ಇದೆ: ಮರ್ಸಿಡಿಸ್ ಬೆಂಜ್ 2021ರಲ್ಲಿ ಭಾರತದಲ್ಲಿ ಬೇರೆ ಪದ್ಧತಿ ತಂದಿತು. ಅಲ್ಲಿ ಕಾರು ಕಂಪನಿಯ ಹೆಸರಲ್ಲೇ ಇರುತ್ತದೆ, ಗಿರಾಕಿಗೆ ಬಿಲ್ ಕೂಡ ಕಂಪನಿಯದ್ದೇ, ಶೋರೂಮಿನವರು ಏಜೆಂಟರು ಮಾತ್ರ. ಅಂಥಲ್ಲಿ ಸಾಫ್ಟ್‌ವೇರ್ ಕಂಪನಿಯೇ ಆರಿಸಿದರೆ ಯಾರೂ ತಕರಾರು ಮಾಡಲ್ಲ, ಯಾಕಂದ್ರೆ ಸರಕು ಅವರದ್ದು. ನಮ್ಮ ಗೆಳೆಯನ ಡೀಲರ್‌ಗಳದ್ದು ಹಾಗಲ್ಲ, ಅಲ್ಲಿ ದುಡ್ಡು ಹಾಕಿದವರು ಅವರೇ.

ಈಗ ಶೋರೂಮಿನ ಒಳಗೆ ಯಾವ ಯಾವ ಸಾಫ್ಟ್‌ವೇರ್ ಓಡುತ್ತದೆ ನೋಡಿ. ದೊಡ್ಡದು ಡಿಎಂಎಸ್, ಅಂದರೆ ಡೀಲರ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಕಾರಿನ ಸ್ಟಾಕ್, ಬಿಲ್, ಬಿಡಿಭಾಗದ ಆರ್ಡರ್, ವಾರಂಟಿ ಕ್ಲೇಮ್, ಎಲ್ಲ ಅದರಲ್ಲೇ. ಇದು ಕಂಪನಿಯ ಸಿಸ್ಟಮ್‌ಗೆ ನೇರ ಜೋಡಣೆ ಆಗಿರುತ್ತದೆ. ಅದರ ಪಕ್ಕಕ್ಕೆ ಸಿಆರ್‌ಎಂ, ಅಂದರೆ 'ಯಾರು ವಿಚಾರಿಸಿದ್ರು, ಯಾವ ಮಾಡೆಲ್, ಮತ್ತೆ ಯಾವಾಗ ಫೋನ್ ಮಾಡಬೇಕು' ಅನ್ನುವ ಪಟ್ಟಿ. ಅಂಥ ಒಂದೊಂದು ವಿಚಾರಣೆಗೆ ಶೋರೂಮ್ ಭಾಷೆಯಲ್ಲಿ 'ಲೀಡ್' ಅಂತಾರೆ. ಇವುಗಳ ಹೊರಗೆ ವೆಬ್‌ಸೈಟ್, ಚಾಟ್, ವಾಟ್ಸಾಪ್, ಗೂಗಲ್ ಜಾಹೀರಾತು, ಫೋನ್ ಕರೆ ದಾಖಲಿಸುವ ವರ್ಚುವಲ್ ನಂಬರ್ ಹೀಗೆ. ಆರ್‌ಟಿಒ ಕೆಲಸಕ್ಕೆ ಸರ್ಕಾರದ ವಾಹನ್ ಪೋರ್ಟಲ್ ಬೇರೆ. ಕೆಎ-25 ಧಾರವಾಡ ಇರಲಿ, ಕೆಎ-63 ಹುಬ್ಬಳ್ಳಿ ಇರಲಿ, ಅದರಲ್ಲಿ ಆಯ್ಕೆ ಅನ್ನುವುದೇ ಇಲ್ಲ.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡ್ತೀನಿ. ವಾರಂಟಿ, ಬಿಡಿಭಾಗದ ಆರ್ಡರ್ ಇಂಥವಕ್ಕೆ ಕಂಪನಿ 'ನಮ್ಮ ಸಿಸ್ಟಮ್ಮೇ ಬಳಸ್ರಿ' ಅನ್ನುವುದರಲ್ಲಿ ತಪ್ಪಿಲ್ಲ. ಪ್ರತಿ ಡೀಲರ್ ಒಂದೊಂದು ಸಾಫ್ಟ್‌ವೇರ್ ತಂದರೆ ವಾರಂಟಿ ಲೆಕ್ಕ ಯಾರು ನೋಡಬೇಕು? ಆದರೆ ಡೀಲರ್ ತನ್ನ ಗಿರಾಕಿಗೆ ಕಳಿಸುವ ಸಂದೇಶ ಯಾರ ಕೈಯಿಂದ ಕಳಿಸಬೇಕು ಅನ್ನುವುದನ್ನೂ ಕಂಪನಿಯೇ ನಿರ್ಧರಿಸುವುದು, ಅದಕ್ಕೆ ದುಡ್ಡು ಮಾತ್ರ ಡೀಲರ್ ಕೊಡುವುದು, ಇದು ಬೇರೆ ಮಾತು.

ಸರಿ, ಕಾನೂನು.

ಭಾರತದಲ್ಲಿ ವಾಹನ ಡೀಲರ್‌ಗಳನ್ನು ಕಾಪಾಡುವ ಪ್ರತ್ಯೇಕ ಕಾಯ್ದೆ ಇಲ್ಲ. ಅಮೆರಿಕದಲ್ಲಿ 50 ರಾಜ್ಯಗಳಲ್ಲೂ ಇದೆ, ಅದಕ್ಕೆ ಆಮೇಲೆ ಬರ್ತೀನಿ. ಇಲ್ಲಿ ಈ ಕೊರತೆ ಜನರ ಗಮನಕ್ಕೆ ಬಂದದ್ದು ಕಂಪನಿಗಳು ಬಾಗಿಲು ಹಾಕಿಕೊಂಡು ಹೋದಾಗ. 2017ರಲ್ಲಿ ಜನರಲ್ ಮೋಟರ್ಸ್ ಭಾರತದಲ್ಲಿ ಶೆವ್ರೊಲೆ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಡೀಲರ್‌ಗಳ ಸಂಘವಾದ ಫಾಡಾ ಆಗ ಕೊಟ್ಟ ಲೆಕ್ಕದ ಪ್ರಕಾರ ಫೋರ್ಡ್‌ಗೆ 170 ಡೀಲರ್‌ಗಳು, 391 ಮಳಿಗೆಗಳು, ಸುಮಾರು 2,000 ಕೋಟಿ ರೂಪಾಯಿ ಹೂಡಿಕೆ. ಅದಕ್ಕೂ ಮೊದಲೇ, 2020ರ ಕೊನೆಗೆ, ಉದ್ಯಮ ಕುರಿತ ಸಂಸದೀಯ ಸ್ಥಾಯಿ ಸಮಿತಿ ಡೀಲರ್‌ಗಳ ರಕ್ಷಣೆಗೆ ಫ್ರಾಂಚೈಸಿ ಕಾಯ್ದೆ ಬೇಕು ಅಂತ ಶಿಫಾರಸು ಮಾಡಿತ್ತು. ಶಿಫಾರಸು ಕಾಗದದ ಮೇಲೆ ಉಳಿಯಿತು.

ಹಾಗಾದರೆ ಸಾಮಾನ್ಯ ಒಪ್ಪಂದದ ಕಾನೂನು? 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ 'ಯಾರನ್ನೇ ಆಗಲಿ ಕಾನೂನುಬದ್ಧ ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧು' ಅನ್ನುತ್ತದೆ. ಕೇಳಲಿಕ್ಕೆ ಭಾರೀ ಇದೆ. ಆದರೆ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಫ್ರಾಂಚೈಸಿ ಒಪ್ಪಂದ ಜಾರಿಯಲ್ಲಿ ಇರುವ ಅವಧಿಯಲ್ಲಿ 'ಇದನ್ನು ಮಾಡಬೇಡ' ಅನ್ನುವ ಷರತ್ತನ್ನು ಸಾಮಾನ್ಯವಾಗಿ ವ್ಯಾಪಾರಕ್ಕೆ ಅಡ್ಡಿ ಅಂತ ನೋಡಲಾಗದು. ಅಂದರೆ ಸಹಿ ಹಾಕಿ ಡೀಲರ್‌ಶಿಪ್ ನಡೆಸುತ್ತ ಇರುವಾಗ 27ನೇ ಕಲಂ ಹಿಡಿದು ಹೋದರೆ ಹೆಚ್ಚು ದೂರ ಹೋಗಲಾಗದು.

ಇನ್ನು ಉಳಿದದ್ದು 2002ರ ಸ್ಪರ್ಧಾ ಕಾಯ್ದೆ. ಇಲ್ಲಿ ವಿಷಯ ಸ್ವಾರಸ್ಯ ಆಗ್ತದೆ, ಸ್ವಲ್ಪ ನಿಧಾನ ಹೋಗೋಣ.

ಆ ಕಾಯ್ದೆಯ 3ನೇ ಕಲಂನ 4ನೇ ಉಪಕಲಂ ತಯಾರಕ, ಸಗಟು, ಚಿಲ್ಲರೆ ಹೀಗೆ ಮೇಲೆ ಕೆಳಗೆ ಇರುವವರ ನಡುವಿನ ಒಪ್ಪಂದಗಳ ಬಗ್ಗೆ. ಅದರಲ್ಲಿ ನಮಗೆ ಬೇಕಾದದ್ದು ಎರಡು. ಒಂದು, ಕಟ್ಟುಹಾಕಿ ಮಾರುವುದು: 'ಇದು ಬೇಕಾದ್ರ ಅದನ್ನೂ ತಗೋಬೇಕು' ಅನ್ನುವುದು. ರೇಷನ್ ಅಂಗಡಿಯಲ್ಲಿ ಸಕ್ಕರೆ ಬೇಕಂದ್ರ ಸೋಪೂ ತಗೋ ಅನ್ನುತ್ತಿದ್ದರು ಅಂತ ನಮ್ಮ ಅಜ್ಜ ಬಯ್ಯುತ್ತಿದ್ದರಲ್ಲ, ಅದೇ. ಎರಡು, 'ನಾವು ಹೇಳಿದವರನ್ನು ಬಿಟ್ಟು ಬೇರೆಯವರ ಹತ್ತಿರ ತಗೋಬೇಡ' ಅನ್ನುವುದು.

ಹಳೆಯ ಕಾಯ್ದೆಯಲ್ಲಿ ಈ ವಿವರಣೆಗಳು ಸರಕು, ಅಂದರೆ ಕೈಗೆ ಸಿಗುವ ವಸ್ತುಗಳ ಮಾತಾಡುತ್ತಿದ್ದವು. ಸಾಫ್ಟ್‌ವೇರ್, ಜಾಹೀರಾತು, ಸಂದೇಶ ಕಳಿಸುವುದು, ಇವೆಲ್ಲ ಸೇವೆ. 2023ರ ತಿದ್ದುಪಡಿ ಅಲ್ಲಿಗೆ 'ಸರಕು ಅಥವಾ ಸೇವೆ' ಅಂತ ಸೇರಿಸಿತು. ಎರಡನೆಯ ವಿವರಣೆಯಲ್ಲಿ ಮತ್ತೊಂದು ಸಣ್ಣ ಮಾತಿದೆ: ಮಾರುವವನದ್ದು 'ಅಥವಾ ಬೇರೆ ಯಾರದ್ದಾದರೂ' ಸರಕು–ಸೇವೆಯನ್ನು ಬಿಟ್ಟು ಉಳಿದದ್ದು ಕೊಳ್ಳದಂತೆ ನಿರ್ಬಂಧಿಸಿದರೆ ಅದೂ ಈ ಕಲಂ ಕೆಳಗೆ ಬರುತ್ತದೆ. ಕಂಪನಿ ತನ್ನದೇ ಸಾಫ್ಟ್‌ವೇರ್ ಹೇರಬೇಕಿಲ್ಲ, ತನಗೆ ಬೇಕಾದ ಮೂರನೆಯವರನ್ನು ಹೇರಿದರೂ ಪ್ರಶ್ನಿಸಬಹುದು. ಇದನ್ನು ಓದಿ ಹೇಳಿದಾಗ ನನ್ನ ಗೆಳೆಯ ಕುರ್ಚಿಯಿಂದ ಎದ್ದು ನಿಂತ. ಕೂತ್ಕೋ ಅಂದೆ, ಯಾಕಂದ್ರೆ ಕತೆ ಇನ್ನೂ ಇತ್ತು.

ಇಂಥ ಪ್ರಕರಣ ಭಾರತದಲ್ಲಿ ಆಗಿದೆಯಾ? ಸಾಫ್ಟ್‌ವೇರ್‌ದು ಅಲ್ಲ, ಆದರೆ ಬಹಳ ಹತ್ತಿರದ್ದು ಒಂದಿದೆ. ಎಣ್ಣೆಯದ್ದು! ಹುಂಡೈ ತನ್ನ ಡೀಲರ್‌ಗಳು ತಾನು ಶಿಫಾರಸು ಮಾಡಿದ ಇಂಜಿನ್ ಆಯಿಲ್, ಲೂಬ್ರಿಕೆಂಟ್‌ಗಳನ್ನೇ ಬಳಸಬೇಕು, ಬೇರೆ ಬಳಸಿದರೆ ದಂಡ ಅನ್ನುವ ಪದ್ಧತಿ ಇಟ್ಟುಕೊಂಡಿದೆ ಅಂತ ದೂರು ಹೋಯಿತು. ದೂರು ಕೊಟ್ಟವರು ಡೀಲರ್‌ಗಳೇ. ಅದರ ಜೊತೆಗೆ, ರಿಯಾಯಿತಿ ಎಷ್ಟು ಕೊಡಬೇಕು ಅನ್ನುವುದನ್ನೂ ಕಂಪನಿಯೇ ನಿಯಂತ್ರಿಸುತ್ತದೆ ಅಂತ. ಭಾರತೀಯ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, 2017ರ ಜೂನ್‌ನಲ್ಲಿ ಎರಡೂ ತಪ್ಪು ಅಂತ 87 ಕೋಟಿ ರೂಪಾಯಿ ದಂಡ ಹಾಕಿತು. ಆಯಿಲ್ ಅಂದ ಕಡೆ ಸಾಫ್ಟ್‌ವೇರ್ ಅಂತ ಓದಿಕೊಳ್ಳಿ, ನಮ್ಮ ಊರಿನ ಕತೆಯೇ.

ಆದರೆ 2018ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದು ಮಾಡಿತು. ಆಯೋಗ ತನಿಖಾಧಿಕಾರಿಯ ವರದಿಯನ್ನೇ ನೆಚ್ಚಿಕೊಂಡಿದೆ, ಸಾಕ್ಷ್ಯವನ್ನು ತಾನೇ ಸ್ವತಂತ್ರವಾಗಿ ತೂಗಿ ನೋಡಿಲ್ಲ ಅನ್ನುವುದು ಮುಖ್ಯ ಕಾರಣ. ನನ್ನ ಗೆಳೆಯ ಕೂತ.

ಎರಡನೆಯದು ಮಾರುತಿ ಸುಜುಕಿಯದ್ದು. ಇದು ಶುರುವಾದ ಬಗೆ ನನಗೆ ಬಹಳ ಹಿಡಿಸಿತು: 2017ರಲ್ಲಿ ಒಬ್ಬ ಡೀಲರ್ ಹೆಸರು ಹೇಳದೆ ಸಿಸಿಐಗೆ ಕಳಿಸಿದ ಒಂದು ಇ–ಮೇಲ್‌ನಿಂದ. ಡೀಲರ್‌ಗಳು ಹೆಚ್ಚು ರಿಯಾಯಿತಿ ಕೊಡದಂತೆ ಕಂಪನಿ ತಡೆಯುತ್ತದೆ ಅನ್ನುವುದು ಅದರ ಸಾರ. ತನಿಖೆಯಲ್ಲಿ ಹೊರಬಂದದ್ದು ಸಿನಿಮಾ ಥರ ಇದೆ. ಗಿರಾಕಿಯ ವೇಷದಲ್ಲಿ ಏಜೆನ್ಸಿಯವರು ಶೋರೂಮಿಗೆ ಬಂದು 'ಇನ್ನಷ್ಟು ಕಡಿಮಿ ಮಾಡ್ರಿ' ಅಂತ ಕೇಳುವುದು, ರೆಕಾರ್ಡ್ ಮಾಡುವುದು, ರಿಯಾಯಿತಿ ಕೊಟ್ಟರೆ ಡೀಲರ್‌ಗೆ ದಂಡ, ಶೋರೂಮ್ ಮ್ಯಾನೇಜರ್‌ಗೂ ದಂಡ. 2021ರ ಆಗಸ್ಟ್ 23ರಂದು ಸಿಸಿಐ 200 ಕೋಟಿ ರೂಪಾಯಿ ದಂಡ ವಿಧಿಸಿತು. ಅದೇ ವರ್ಷ ನವೆಂಬರ್‌ನಲ್ಲಿ, ದಂಡದ ಒಂದು ಭಾಗ ಠೇವಣಿ ಇಡಬೇಕೆಂಬ ಷರತ್ತಿನ ಮೇಲೆ, ಮೇಲ್ಮನವಿ ನ್ಯಾಯಮಂಡಳಿ ಅದಕ್ಕೆ ತಡೆ ಕೊಟ್ಟಿತು.

ಹೆಸರಿಲ್ಲದ ಮೇಲ್ ಯಾಕೆ ಅಂತ ಕೇಳ್ತೀರಾ? ಡೀಲರ್‌ಶಿಪ್ ಒಪ್ಪಂದ ಕೆಲವು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಜಾಸ್ತಿ ಓಡುವ ಮಾಡೆಲ್ ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಕಂಪನಿಯ ಕೈಯಲ್ಲಿ. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಡೀಲರ್ ಹಾಕುವುದೂ ಅವರ ಕೈಯಲ್ಲೇ. ನೀರಿನಾಗ ಇದ್ದು ಮೊಸಳಿ ಜೋಡಿ ಜಗಳ ಆಡಾಕ ಆಗಲ್ಲ.

ಫೋನ್ ಹಿಡಿದು ಇದನ್ನು ಕೇಳುತ್ತಿರುವವರಿಗೆ ಇನ್ನೂ ಹತ್ತಿರದ ಉದಾಹರಣೆ ಕೊಡ್ತೀನಿ. ಆಪ್ ಮಾಡುವವರು ಪ್ಲೇ ಸ್ಟೋರ್‌ನಲ್ಲಿ ಡಿಜಿಟಲ್ ಸೇವೆ ಮಾರಬೇಕಂದ್ರೆ ಗೂಗಲ್‌ನದ್ದೇ ಪಾವತಿ ವ್ಯವಸ್ಥೆ ಬಳಸಬೇಕು ಅನ್ನುವ ನಿಯಮ ಇತ್ತು. 2022ರ ಅಕ್ಟೋಬರ್‌ನಲ್ಲಿ ಸಿಸಿಐ ಇದಕ್ಕೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರಲ್ಲಿ ಮೇಲ್ಮನವಿಯಲ್ಲಿ ದಂಡದ ಮೊತ್ತ ಸುಮಾರು 216 ಕೋಟಿಗೆ ಇಳಿಯಿತು. ಆದರೆ ಅಲ್ಲಿ ಗೂಗಲ್ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿದೆ ಅನ್ನುವುದು ಬುನಾದಿ, ಅದು 4ನೇ ಕಲಂ. ಕಾರು ಮಾರುವ ಕಂಪನಿ ಒಂದಲ್ಲ, ಹತ್ತಾರು ಇವೆ. ಅದಕ್ಕೇ ಕಾರ್ ಡೀಲರ್‌ಗಳಿಗೆ ಆ ದಾರಿ ಇಷ್ಟು ಸಲೀಸಲ್ಲ.

ಹಾಗಂತ ಎಂದೂ ಆಗಿಲ್ಲ ಅಂತಲ್ಲ. 2014ರ ಆಗಸ್ಟ್‌ನಲ್ಲಿ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಬಿತ್ತು. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಕಿರ್ಲೋಸ್ಕರ್ ಕೂಡ ಅದರಲ್ಲಿತ್ತು. ಅಸಲಿ ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣ, ತಾಂತ್ರಿಕ ಮಾಹಿತಿ ಹೊರಗಿನ ಗ್ಯಾರೇಜಿನವರಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಆರೋಪ. ಅಲ್ಲಿ ಸಿಸಿಐ ಜಾಣ ಲೆಕ್ಕ ಹಾಕಿತು: ಒಮ್ಮೆ ನೀವು ಒಂದು ಕಂಪನಿಯ ಕಾರು ಕೊಂಡ ಮೇಲೆ ಅದರ ಬಿಡಿಭಾಗಕ್ಕೆ ಅದೇ ಕಂಪನಿಗೇ ಹೋಗಬೇಕು, ಹಾಗಾಗಿ ಆ ಬಿಡಿಭಾಗದ ಮಾರುಕಟ್ಟೆಯಲ್ಲಿ ಪ್ರತಿ ಕಂಪನಿಯೂ ರಾಜನೇ. 'ಒಮ್ಮೆ ಡೀಲರ್‌ಶಿಪ್‌ಗೆ ಕೋಟಿಗಟ್ಟಲೆ ಸುರಿದ ಮೇಲೆ ಡೀಲರ್ ಕೂಡ ಹಾಗೇ ಸಿಕ್ಕಿಬೀಳ್ತಾನೆ' ಅಂತ ಒಬ್ಬ ವಕೀಲ ವಾದ ಮಾಡಬಹುದು. ನನಗೆ ಆ ವಾದ ಸರಿ ಅನ್ನಿಸ್ತದೆ, ಆದರೆ ನಾನು ನ್ಯಾಯಾಧೀಶ ಅಲ್ಲ.

ಇಲ್ಲಿ ಒಂದು ಗಟ್ಟಿ ಅಡ್ಡಗೋಡೆ ಇದೆ. 3(4)ರ ಕೆಳಗೆ 'ಹೇರಿದ್ರು' ಅಂತ ತೋರಿಸಿದರೆ ಸಾಲದು. ಅದರಿಂದ ಸ್ಪರ್ಧೆಗೆ ಗಣನೀಯ ಪೆಟ್ಟು ಬಿತ್ತು ಅಥವಾ ಬೀಳುವ ಸಂಭವ ಇದೆ ಅಂತ ತೋರಿಸಬೇಕು. ಹೊಸಬರು ಮಾರುಕಟ್ಟೆಗೆ ಬರಲು ಅಡ್ಡಿಯಾಯಿತೇ, ಇದ್ದವರು ಹೊರಬಿದ್ದರೇ ಅಂತ ಒಂದು ತಟ್ಟೆಯಲ್ಲಿ. ಗಿರಾಕಿಗೆ ಲಾಭ ಆಯಿತೇ, ತಂತ್ರಜ್ಞಾನ ಸುಧಾರಿಸಿತೇ ಅಂತ ಇನ್ನೊಂದು ತಟ್ಟೆಯಲ್ಲಿ. ಕಂಪನಿಯವರು ಏನು ಹೇಳ್ತಾರೆ ಅಂತ ಊಹಿಸೋದು ಕಷ್ಟ ಅಲ್ಲ: ಎಲ್ಲ ಶೋರೂಮಿನಲ್ಲೂ ಒಂದೇ ಥರದ ಅನುಭವ ಸಿಗಬೇಕು, ಒಟ್ಟಿಗೆ ಕೊಂಡರೆ ಅಗ್ಗ, ಎಲ್ಲಕ್ಕಿಂತ ಮುಖ್ಯ ಗಿರಾಕಿಗಳ ಡೇಟಾ ಸುರಕ್ಷತೆ.

ಕೊನೆಯ ಮಾತನ್ನು ಸುಮ್ಮನೆ ನೆಪ ಅಂತ ತಳ್ಳಿಹಾಕಬೇಡಿ. ನನ್ನ ಗೆಳೆಯನ ಕೋಣೆಯಲ್ಲಿ ಕಂಪ್ಯೂಟರ್ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದರು. ನಾನೇ ಕಿತ್ತು ಬಂದೆ. ಆ ಕಂಪ್ಯೂಟರಿನಲ್ಲಿ ಸಾವಿರಾರು ಜನರ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಇದೆ.

ಮತ್ತೆ ಇದಕ್ಕೆ ಈಗ ಕಾನೂನೇ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ. ನಿಮ್ಮ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕು ಅಂತ ತೀರ್ಮಾನಿಸುವವರು ಯಾರೋ ಅವರೇ ಹೊಣೆ. ಒಬ್ಬರೇ ಆಗಿರಬಹುದು, ಇಬ್ಬರು ಸೇರಿಯೂ ಆಗಿರಬಹುದು. ಕೆಲಸವನ್ನು ಹೊರಗಿನವರಿಗೆ ಕೊಟ್ಟರೆ ಸರಿಯಾದ ಒಪ್ಪಂದ ಇರಲೇಬೇಕು, ಅವರು ಎಡವಟ್ಟು ಮಾಡಿದರೂ ಹೊಣೆ ಕೊಟ್ಟವರದ್ದೇ. ಸುರಕ್ಷತೆಯಲ್ಲಿ ಲೋಪ ಆದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಈಗ ಇದನ್ನು ಡೀಲರ್ ಜಾಗದಲ್ಲಿ ನಿಂತು ನೋಡಿ. ವೆಂಡರ್ ಆರಿಸಿದ್ದು ಕಂಪನಿ. ಗಿರಾಕಿ ಬಂದು ನಂಬರ್ ಕೊಟ್ಟದ್ದು ಡೀಲರ್‌ಗೆ. ನಾಳೆ ಆ ವೆಂಡರ್ ಹತ್ತಿರದಿಂದ ಡೇಟಾ ಸೋರಿದರೆ ಮೊದಲ ಫೋನ್ ಬರುವುದು ಗೋಕುಲ ರಸ್ತೆಯ ಶೋರೂಮಿಗೆ. ತಾನು ಆರಿಸದ, ತಾನು ಬದಲಿಸಲಾಗದ ಕೆಲಸಗಾರನ ತಪ್ಪಿಗೆ ತಾನು ಉತ್ತರ ಕೊಡಬೇಕು. ಡೀಲರ್‌ಗಳು ಈ ವಿಷಯದಲ್ಲಿ ಧ್ವನಿ ಎತ್ತುವುದಾದರೆ ಇದೇ ಅವರ ಒಳ್ಳೆಯ ಹಿಡಿಕೆ ಅಂತ ನನಗೆ ಅನ್ನಿಸ್ತದೆ. 'ಹೊಣೆ ನನ್ನದು ಅಂದ್ರ ಆಯ್ಕೆನೂ ನನ್ನದ ಇರಲಿ.' ಇಲ್ಲಾ ಅಂದ್ರ ಹೊಣೆ ನೀವೇ ಹೊರ್ರಿ ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳುವುದು.

ಅಮೆರಿಕದ ಮಾತು ಹೇಳ್ತೀನಿ ಅಂದಿದ್ದೆ. ಅಲ್ಲಿ 1956ರಲ್ಲೇ ಡೀಲರ್‌ಗಳ ಪರ ಕೇಂದ್ರ ಕಾಯ್ದೆ ಬಂತು, ರಾಜ್ಯಗಳಲ್ಲಿ ಬೇರೆ ಬೇರೆ. ಈಚೆಗೆ ಅರಿಜೋನಾದಂಥ ರಾಜ್ಯಗಳು ಡಿಜಿಟಲ್ ವಿಷಯಕ್ಕೂ ಕೈ ಹಾಕಿವೆ. ಅಲ್ಲಿ 2019ರಲ್ಲಿ ಬಂದ ಕಾನೂನು ಹೇಳುವುದು ಇಷ್ಟು: ಡಿಎಂಎಸ್‌ನಲ್ಲಿರುವ ತನ್ನ ಡೇಟಾವನ್ನು ಡೀಲರ್ ತನಗೆ ಬೇಕಾದ ವೆಂಡರ್ ಜೊತೆ ಹಂಚಿಕೊಳ್ಳಬಹುದು, ಸಾಫ್ಟ್‌ವೇರ್ ಕಂಪನಿ ಅದಕ್ಕೆ ಅಡ್ಡ ಬರಬಾರದು. ಸಿಡಿಕೆ, ರೆನಾಲ್ಡ್ಸ್ ಅನ್ನುವ ಎರಡು ದೊಡ್ಡ ಡಿಎಂಎಸ್ ಕಂಪನಿಗಳು ಕೋರ್ಟಿಗೆ ಹೋದವು. 2021ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಕಾನೂನೇ ಗೆದ್ದಿತು. ಗಮನಿಸಿ, ಅಲ್ಲಿ ಬೀಗ ಹಾಕಿದ್ದು ಕಾರು ಕಂಪನಿಯಲ್ಲ, ಸಾಫ್ಟ್‌ವೇರ್ ಕಂಪನಿ.

ಎಲ್ಲರೂ ಒಂದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟರೆ ಏನಾಗ್ತದೆ ಅನ್ನುವುದೂ ಅಲ್ಲೇ ಗೊತ್ತಾಯಿತು. 2024ರ ಜೂನ್‌ನಲ್ಲಿ ಸಿಡಿಕೆ ಮೇಲೆ ಸೈಬರ್ ದಾಳಿ ಆಗಿ ಸಿಸ್ಟಮ್ ಬಂದ್ ಆಯಿತು. ಉತ್ತರ ಅಮೆರಿಕದ ಸುಮಾರು 15,000 ಡೀಲರ್‌ಗಳು ಅದನ್ನೇ ನೆಚ್ಚಿಕೊಂಡಿದ್ದರು. ವಾರಕ್ಕೂ ಹೆಚ್ಚು ಕಾಲ ಅನೇಕ ಶೋರೂಮ್‌ಗಳು ಪೆನ್ನು, ಕಾಗದದ ಮೇಲೆ ಕಾರು ಮಾರಿದವು. 'ಒಂದೇ ವೆಂಡರ್ ಆದ್ರೆ ಸುರಕ್ಷಿತ' ಅನ್ನುವವರಿಗೆ ಇದನ್ನು ತೋರಿಸಬಹುದು.

ಈಗ ವಾಪಸ್ ಉಪ್ಪಿನಬೆಟಗೇರಿಗೆ. 'ಡೀಲರ್ ದೂರು ಕೊಡಲ್ಲ ಅಂದ್ರ ಮುಗೀತಲ್ಲ' ಅಂದ ಗೆಳೆಯ. ಮುಗಿಯಲ್ಲ. ಸಿಸಿಐಗೆ ಮಾಹಿತಿ ಕೊಡಲು ನೀವು ಡೀಲರೇ ಆಗಿರಬೇಕಿಲ್ಲ. ಕಾಯ್ದೆಯ 19ನೇ ಕಲಂ 'ಯಾವುದೇ ವ್ಯಕ್ತಿ' ಅನ್ನುತ್ತದೆ. 2020ರ ಡಿಸೆಂಬರ್‌ನಲ್ಲಿ ಓಲಾ–ಉಬರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಮಾತನ್ನು ವಿಶಾಲವಾಗಿಯೇ ಓದಬೇಕು ಅಂದಿತು. ಕೆಲಸ ಕಳಕೊಂಡ ವೆಂಡರ್ ಹೋಗಬಹುದು, ಸಂಘ ಹೋಗಬಹುದು. ಹೆಸರು ಗುಟ್ಟಾಗಿ ಇಡಿ ಅಂತ ಕೇಳಿಕೊಳ್ಳಲೂ ಅವಕಾಶ ಇದೆ. ಆದರೆ 2023ರ ತಿದ್ದುಪಡಿಯಿಂದ ಒಂದು ಗಡಿಯೂ ಬಂದಿದೆ: ಮೂರು ವರ್ಷದೊಳಗೆ ಹೋಗಬೇಕು. ಮತ್ತೆ ಅವನ ಎರಡು ಶೋರೂಮಿನ ನಷ್ಟ ಒಂದೇ ತೋರಿಸಿದರೆ ಆಯೋಗ ಕದಲಲ್ಲ. ಇದೇ ಮೇಲ್ ಎಷ್ಟು ಊರಿನ ಎಷ್ಟು ಡೀಲರ್‌ಗಳಿಗೆ ಹೋಗಿದೆ, ಇವನಂಥ ಎಷ್ಟು ಸಣ್ಣವರು ಹೊರಬಿದ್ದಿದ್ದಾರೆ, ಪಟ್ಟಿಯಲ್ಲಿ ಸೇರಲು ಅರ್ಜಿ ಹಾಕಿದರೆ ಏನು ಉತ್ತರ ಬರ್ತದೆ, ಇದೆಲ್ಲ ಕೂಡಿಸಬೇಕು.

ಆ ಕೊನೆಯದನ್ನು ಅವನು ಮಾಡಿಯೇ ಇರಲಿಲ್ಲ. ಪಟ್ಟಿಗೆ ಸೇರಿಸ್ರಿ ಅಂತ ಕೇಳಿಯೇ ಇರಲಿಲ್ಲ! ಅಂದು ಸಂಜೆ ಇಬ್ಬರೂ ಕೂತು ಅರ್ಧ ಇಂಗ್ಲಿಷ್, ಅರ್ಧ ಸಿಟ್ಟಿನಲ್ಲಿ ಮೇಲ್ ಬರೆದೆವು. ಆಮೇಲೆ ಸಿಟ್ಟು ಅಳಿಸಿ ಕಳಿಸಿದೆವು. ಯಾವ ಮಾನದಂಡದ ಮೇಲೆ ವೆಂಡರ್ ಆರಿಸಿದ್ದೀರಿ, ಸುರಕ್ಷತೆಗೆ ಏನೇನು ಬೇಕು, ಅದನ್ನು ಪೂರೈಸಿದರೆ ನಮ್ಮನ್ನೂ ಸೇರಿಸ್ತೀರಾ ಅಂತ ಮೂರು ಪ್ರಶ್ನೆ. ಉತ್ತರ ಬಂದರೂ ಅದು ಒಂದು ದಾಖಲೆ, ಬಾರದಿದ್ದರೂ ಒಂದು ದಾಖಲೆ.

ಈ ಸಂಚಿಕೆ ರೆಕಾರ್ಡ್ ಮಾಡುವ ಹೊತ್ತಿಗೆ ಹನ್ನೊಂದು ದಿನ ಆಗಿದೆ. ಉತ್ತರ ಬಂದಿಲ್ಲ. ಅವನು ಮಾತ್ರ ಮೂರೂ ಹುಡುಗರಿಗೆ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟಿದ್ದಾನಂತೆ. ಉಳಿದ ಎರಡು ಶೋರೂಮಿನ ಜೊತೆ ಇಷ್ಟು ದಿನ ಬಾಯಿಮಾತಿನಲ್ಲಿ ಇದ್ದ ವ್ಯವಹಾರವನ್ನು ಕಾಗದಕ್ಕೆ ಇಳಿಸಲು ಧಾರವಾಡದಲ್ಲಿ ಒಬ್ಬ ವಕೀಲರನ್ನು ನೋಡಿಬಂದಿದ್ದಾನೆ. ನೀವು ಶೋರೂಮಿನಲ್ಲಿ ಕೆಲಸ ಮಾಡ್ತಿದ್ದರೆ, ಇಂಥ ಮೇಲ್ ನಿಮ್ಮಲ್ಲಿಗೂ ಬಂದಿದ್ದರೆ, ನಮಗೆ ಧ್ವನಿ ಸಂದೇಶ ಕಳಿಸಿ. ಹೆಸರು ಹೇಳಬೇಕಿಲ್ಲ. ಬರ್ತೀನ್ರಿ.